ಕಾಯುವುದೇ ಕಾಯಕ

ಹೊರೆ ಹೊತ್ತವರ ಕೀರ್ತಿ ಹಾಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಹೊರೆ ಇಳಿಸುವುದನ್ನೇ ಒಂದು ರಾಜವಿದ್ಯೆಯ ಎತ್ತರಕ್ಕೆ ಒಯ್ದ ಬಕಿಂಗ್‌ಹ್ಯಾಮ್ ಅರಮನೆಯ ಕೀರ್ತಿ ಹಾಡುವವರು ಮಾತ್ರ ಕಡಿಮೆ. ಆ ಕೊರತೆಯನ್ನು ನನ್ನ ಅಲ್ಪಮತಿಗೆ ಎಟುಕಿದಷ್ಟು ತುಂಬಿಕೊಡುವುದೇ ಈ ಲೇಖನದ ಉದ್ದೇಶ. ಎರಡನೆಯ ಎಲಿಜಬೆತ್ ಮಹಾರಾಣಿಯವರ ಇಳಿವಯಸ್ಸಿನಲ್ಲಿ ಅವರ ಕಾರ್ಯಭಾರ ಹೇಗೆ ಹಗುರವಾಯಿತು, ಅವರ ಹಿರಿಯ ಮಗ ಹೇಗೆ ಕಾದರು ಎಂಬ ಎರಡು ಪುಣ್ಯಕಥೆಗಳನ್ನು ಭಕ್ತಿಯಿಂದ ಕೇಳಿದವರಿಗೆ ರಾಜ್ಯಭಾರದ ಮರ್ಮ ತಾನಾಗಿ ತಿಳಿಯುತ್ತದೆ.

ಮೊದಲು ಹೊರೆಯ ತೂಕ ತಿಳಿಯಬೇಕು. ಪಾರ್ಲಿಮೆಂಟು ಒಪ್ಪಿದ ಪ್ರತಿಯೊಂದು ಮಸೂದೆಗೂ ದೊರೆಯ ಸಮ್ಮತಿ ಬೇಕು. ಕೊಡಬಹುದೋ ಬಾರದೋ ಎಂಬ ಈ ಕಠೋರ ವಿವೇಚನೆಯಲ್ಲಿ 1708ರಲ್ಲಿ ಆನ್ ರಾಣಿ ಒಮ್ಮೆ ಬೇಡವೆಂದದ್ದೇ ಕೊನೆ. ಆಮೇಲೆ ಮೂರು ಶತಮಾನ ಸಿಂಹಾಸನವೇರಿದವರೆಲ್ಲ ಅಳೆದು ಸುರಿದು ನೋಡಿ, ಪ್ರತಿ ಸಲವೂ ಆಗಲಿ ಎಂಬ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಇಂಥ ಒಮ್ಮತ ಯಾವ ನ್ಯಾಯಪೀಠದಲ್ಲೂ ಕಂಡದ್ದಿಲ್ಲ. ಇದು ಸಾಲದೆಂಬಂತೆ ಥೇಮ್ಸ್ ನದಿಯಲ್ಲಿ ಗುರುತಿಲ್ಲದ ಹಂಸಗಳೆಲ್ಲ ದೊರೆಯ ಸೊತ್ತು. ಪ್ರತಿ ಜುಲೈನಲ್ಲಿ ದೋಣಿಗಳನ್ನು ಇಳಿಸಿ ಅವುಗಳ ಮರಿಗಳ ಎಣಿಕೆ ಮಾಡಿಸಬೇಕು. ನೂರು ತುಂಬಿದ ಪ್ರಜೆಗಳಿಗೆ ಶುಭಾಶಯದ ಕಾರ್ಡು ಹೋಗಬೇಕು. ಹುಟ್ಟಿದ್ದಕ್ಕೆ ಏಪ್ರಿಲ್‌ನಲ್ಲಿ ಒಂದು, ಹವೆ ಚೆನ್ನಾಗಿರುತ್ತದೆಂದು ಜೂನ್‌ನಲ್ಲಿ ಇನ್ನೊಂದು, ಹೀಗೆ ಎಲಿಜಬೆತ್ ಮಹಾರಾಣಿಯವರು ವರ್ಷಕ್ಕೆರಡು ಹುಟ್ಟುಹಬ್ಬಗಳನ್ನು ತಡೆದುಕೊಳ್ಳಬೇಕಿತ್ತು.

ಈ ಪರ್ವತವನ್ನು ಅರಮನೆ ಅವಸರವಿಲ್ಲದೆ, ಹಿಡಿ ಹಿಡಿಯಾಗಿ ಕರಗಿಸಿದ ಬಗೆಯನ್ನು ನೆನೆದರೆ ಕೈ ತಾನಾಗಿ ಮುಗಿಯುತ್ತದೆ. 2013ರಲ್ಲಿ ದೂರದ ವಿಮಾನಯಾನ ಇಳಿಯಿತು, ಕೊಲಂಬೊದ ಕಾಮನ್‌ವೆಲ್ತ್ ಸಮಾವೇಶಕ್ಕೆ ಯುವರಾಜ ಚಾರ್ಲ್ಸ್ ಹೋಗಿಬಂದರು. 2016ರಲ್ಲಿ, ತೊಂಬತ್ತು ತುಂಬಿದ ಮರುತಿಂಗಳು, ಪಾರ್ಲಿಮೆಂಟಿನ ಇಪ್ಪತ್ತಾರು ಮೆಟ್ಟಿಲು ಇಳಿದು ಲಿಫ್ಟು ಬಂತು. 2017ರಲ್ಲಿ ಯುದ್ಧಸ್ಮಾರಕಕ್ಕೆ ಹೂಚಕ್ರ ಇಡುವ ಕೆಲಸ ಇಳಿಯಿತು, ಮಗ ಇಟ್ಟದ್ದನ್ನು ತಾಯಿ ಬಾಲ್ಕನಿಯಿಂದ ನೋಡಿದರು. 2019ರಲ್ಲಿ ಕಿರೀಟವೇ ಇಳಿಯಿತು, ಬದಲಿಗೆ ಹಗುರವಾದ ಇನ್ನೊಂದು ತಲೆಗೇರಿತು. ಮೆಟ್ಟಿಲು, ಹೂವು, ವಿಮಾನ, ವಜ್ರ ಎಲ್ಲವೂ ಒಂದೊಂದಾಗಿ ಇಳಿದವು. ಇಳಿಯದೆ ಉಳಿದವರು ರಾಣಿಯೊಬ್ಬರೇ.

ಈ ಸಾಧನೆಯ ಶಿಖರ 2022ರ ಮೇ 10. ಪಾರ್ಲಿಮೆಂಟಿನ ಅಧಿವೇಶನ ಆರಂಭವಾಗುವ ದಿನ. ಮಹಾರಾಣಿಯವರಿಗೆ ನಡೆದಾಡುವುದು ಕಷ್ಟವಾಗಿ ಬರಲಾಗಲಿಲ್ಲ, ಕಿರೀಟ ಬಂತು. ತನಗೇ ಮೀಸಲಾದ ಕಾರಿನಲ್ಲಿ ಬಂತು. 2868 ವಜ್ರಗಳ, ಒಂದು ಕಿಲೋ ಮೀರಿದ ಆ ಕಿರೀಟವನ್ನು ಒಂದು ದಿಂಬಿನ ಮೇಲೆ ಕೂರಿಸಲಾಯಿತು. ಅದರ ಪಕ್ಕದಲ್ಲಿ ನೌಕಾಸೇನೆಯ ಅಡ್ಮಿರಲ್ ಸಮವಸ್ತ್ರ ತೊಟ್ಟು, ಎದೆಯ ತುಂಬ ಪದಕ ಧರಿಸಿ, ಎಪ್ಪತ್ತಮೂರರ ಯುವರಾಜರು ರಾಣಿಯ ಆಸನದಲ್ಲಲ್ಲ, ರಾಣಿಯ ಸಂಗಾತಿಗೆಂದು ಇರುವ ಆಸನದಲ್ಲಿ ಕುಳಿತರು. ಮಂತ್ರಿಗಳೇ ಬರೆದುಕೊಟ್ಟ ಭಾಷಣವನ್ನು ಮಂತ್ರಿಗಳೇ ನಿಂತು ಕೇಳುವಂತೆ ಓದಿದರು. ತಾಯಿ ‘ನನ್ನ ಸರ್ಕಾರ’ ಎನ್ನುತ್ತಿದ್ದ ಕಡೆಯೆಲ್ಲ ‘ಮಹಾರಾಣಿಯವರ ಸರ್ಕಾರ’ ಎಂದು ತಿದ್ದಿಕೊಂಡರು. ಅಂದು ಅವರು ಸಲ್ಲಿಸಿದ ಸ್ವತಂತ್ರ ಸೇವೆ ಆ ತಿದ್ದುಪಡಿ. ದಿಂಬಿನ ಸೇವೆಯನ್ನೂ ಮರೆಯಬಾರದು. ಅದು ಒಮ್ಮೆಯೂ ಅಲುಗಲಿಲ್ಲ, ಯಾವ ಪಕ್ಷದ ಕಡೆಗೂ ವಾಲಲಿಲ್ಲ, ಒಂದು ಮಾತೂ ಆಡಲಿಲ್ಲ. ಸಂವಿಧಾನ ದೊರೆಯಿಂದ ಬಯಸುವ ನಿಷ್ಪಕ್ಷಪಾತವನ್ನು ಇಷ್ಟು ಪರಿಪೂರ್ಣವಾಗಿ ಹಿಂದಿನ ಯಾವ ದೊರೆಯೂ ಪಾಲಿಸಿದ್ದಿಲ್ಲ.

ಇದೇ ಅವಧಿಯಲ್ಲಿ ಬೇರೆ ಅರಮನೆಗಳಲ್ಲಿ ನಡೆದದ್ದನ್ನು ಹೇಳಲು ಸಂಕೋಚವಾಗುತ್ತದೆ. 2013ರಲ್ಲಿ ನೆದರ್ಲೆಂಡ್ಸಿನ ಬೀಟ್ರಿಕ್ಸ್, ಬೆಲ್ಜಿಯಂನ ಆಲ್ಬರ್ಟ್, ಮರುವರ್ಷ ಸ್ಪೇನಿನ ಹುವಾನ್ ಕಾರ್ಲೋಸ್, 2019ರಲ್ಲಿ ಜಪಾನಿನ ಅಕಿಹಿಟೊ, ಇವರೆಲ್ಲ ತಮಗೆ ವಯಸ್ಸಾಯಿತೆಂಬ ಕ್ಷುಲ್ಲಕ ಕಾರಣಕ್ಕೆ ಮಕ್ಕಳ ಕೈಗೆ ಅಧಿಕಾರವಿತ್ತು ಗುಮಾಸ್ತರಂತೆ ಮನೆಗೆ ನಡೆದರು. ಲಂಡನ್ನಿನಲ್ಲಿ ಇಂಥ ಅನಾಹುತ ನಡೆದದ್ದು ಒಮ್ಮೆ, 1936ರಲ್ಲಿ, ಎಂಟನೆಯ ಎಡ್ವರ್ಡ್ ಮದುವೆಗಾಗಿ ಪಟ್ಟ ಬಿಟ್ಟಾಗ. ಅಂದಿನಿಂದ ಆ ಮಾತೇ ಅಲ್ಲಿ ಅಮಂಗಳ. 1947ರಲ್ಲಿ ಇಪ್ಪತ್ತೊಂದು ತುಂಬಿದ ದಿನ ಕೇಪ್‌ಟೌನಿನಿಂದ ರೇಡಿಯೊದಲ್ಲಿ ರಾಜಕುಮಾರಿ ಎಲಿಜಬೆತ್ ಬದುಕಿಡೀ ಸೇವೆ ಮಾಡುವೆನೆಂದು ಮಾತು ಕೊಟ್ಟಿದ್ದರು. ಅರಮನೆ ಆ ಮಾತನ್ನು ಅಕ್ಷರಶಃ ನಡೆಸಿಕೊಂಡಿತು. 2022ರ ಸೆಪ್ಟೆಂಬರ್ 6ರಂದು ಬಾಲ್ಮೊರಲ್‌ನಲ್ಲಿ ಕೋಲೂರಿ ನಿಂತು ಅವರು ತಮ್ಮ ಆಳ್ವಿಕೆಯ ಹದಿನೈದನೆಯ ಪ್ರಧಾನಿಯನ್ನು ನೇಮಿಸಿದರು. ತೀರಿಕೊಂಡದ್ದು 8ರಂದು. ತೊಂಬತ್ತಾರರ ಅಜ್ಜಿಯೊಬ್ಬರಿಗೆ ಕೊನೆಯ ಎರಡು ದಿನಗಳ ಸಂಪೂರ್ಣ ರಜೆಯನ್ನು ಧಾರಾಳವಾಗಿ ಕೊಟ್ಟ ಬೇರೊಂದು ನೌಕರಿ ಇದ್ದರೆ ತಿಳಿದವರು ಹೇಳಬೇಕು.

ಇನ್ನು ಕಾದವರ ಕಥೆ. 1952ರಲ್ಲಿ ತಾಯಿ ಪಟ್ಟಕ್ಕೆ ಬಂದಾಗ ಚಾರ್ಲ್ಸ್‌ಗೆ ಮೂರು ವರ್ಷ. ಅಂದೇ ಅವರಿಗೆ ಕಾಯುವ ಕೆಲಸ ಹತ್ತಿತು. 1961ರಲ್ಲಿ ರಾಣಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನಲ್ಲಿ ಗಿಡ ನೆಟ್ಟಾಗ ಹುಡುಗನಿಗೆ ಹನ್ನೆರಡು. ಆ ಗಿಡಕ್ಕೂ ಈ ಹುಡುಗನಿಗೂ ತಾಯಿ ವಹಿಸಿದ ಕರ್ತವ್ಯ ಒಂದೇ: ನೆಟ್ಟಲ್ಲಿ ನಿಂತು ಬೆಳೆಯುವುದು. 2011ರಲ್ಲಿ ಅವರು ಏಳನೆಯ ಎಡ್ವರ್ಡ್ ಐವತ್ತೊಂಬತ್ತು ವರ್ಷ ಕಾದ ದಾಖಲೆಯನ್ನು ಮುರಿದರು. ದಾಖಲೆಗಳನ್ನು ಓಡಿ ಮುರಿಯುವವರು, ಎಗರಿ ಮುರಿಯುವವರು ಇದ್ದಾರೆ. ಸುಮ್ಮನಿದ್ದು ಮುರಿಯಲು ವಂಶದ ಬಲ ಬೇಕು.

ಸುಮ್ಮನಿರುವವರ ಹೊಟ್ಟೆಪಾಡೇನು ಎಂದು ಮರುಗುವವರಿಗೆ ಸಮಾಧಾನದ ಸುದ್ದಿಯಿದೆ. 1337ರಲ್ಲೇ ಮೂರನೆಯ ಎಡ್ವರ್ಡ್ ತನ್ನ ಮಗನಿಗಾಗಿ ಕಾರ್ನ್‌ವಾಲ್ ಡಚಿ ಎಂಬ ಜಹಗೀರನ್ನು ಮಾಡಿಟ್ಟ. ಅಂದಿನಿಂದ ಅದರ ಉತ್ಪನ್ನ ಪಟ್ಟದ ಕುಮಾರರದು. ಕಾರ್ನ್‌ವಾಲಿನಲ್ಲಿ ವಿಲ್ ಬರೆಯದೆ, ಹಿಂದುಮುಂದಿಲ್ಲದೆ ಸತ್ತವರ ಆಸ್ತಿಯೂ ಆ ಡಚಿಗೇ ಸೇರುತ್ತದೆ. ದೇಶಕ್ಕೇ ವಾರಸುದಾರನಾದವನು ವಾರಸುದಾರರಿಲ್ಲದ ಬಡಪಾಯಿಗೂ ತಾನೇ ವಾರಸುದಾರನಾಗಿ ಒದಗಿಬರುವ ಈ ಔದಾರ್ಯಕ್ಕೆ ಏನೆನ್ನೋಣ! ಬಿಡುವಿನ ವೇಳೆಯಲ್ಲಿ ಯುವರಾಜರು ಮಂತ್ರಿಗಳಿಗೆ ಕಾಗದ ಬರೆಯುತ್ತಿದ್ದರು. ಪಟಗೋನಿಯಾದ ಟೂತ್‌ಫಿಶ್ ಎಂಬ ಮೀನಿನ ಕಷ್ಟದವರೆಗೆ ಅವರ ಕರುಣೆ ಹರಿದಿತ್ತು. ಅಂಥ ಪತ್ರಗಳನ್ನು ಪ್ರಜೆಗಳ ಕಣ್ಣಿಗೆ ಬೀಳದಂತೆ ಸರ್ಕಾರ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿ ಕಾಪಾಡಿತು. 2015ರಲ್ಲಿ ಸರ್ಕಾರ ಸೋತು, ಅವು ಬಹಿರಂಗವಾದವು.

ಕಾದ ಫಲ ಕೊನೆಗೂ ಕೈಗೆ ಬಂತು. ನಮ್ಮ ಕಚೇರಿಗಳಲ್ಲಿ ಹೆತ್ತವರು ತೀರಿಕೊಂಡರೆ ಅನುಕಂಪದ ನೌಕರಿಗಾಗಿ ಮಗ ಮರಣಪತ್ರ, ವಂಶವೃಕ್ಷ, ಅಂಕಪಟ್ಟಿ ಹಿಡಿದು ಮೇಜಿಂದ ಮೇಜಿಗೆ ಅಲೆಯಬೇಕು. ಅಲ್ಲಿ ತಾಯಿ ಕಣ್ಣು ಮುಚ್ಚಿದ ಕ್ಷಣವೇ ಮಗ ದೊರೆ. ಅರ್ಹತೆಯ ಪ್ರಶ್ನೆ ಕೇಳುವಷ್ಟು ಅನಾಗರಿಕರು ಯಾರೂ ಇಲ್ಲ. ಉಳಿದ ಪ್ರಜೆಗಳು ಮಿತಿ ಮೀರಿದ ಪಿತ್ರಾರ್ಜಿತಕ್ಕೆ ನೂರಕ್ಕೆ ನಲವತ್ತು ತೆರಿಗೆ ಕಟ್ಟುತ್ತಾರೆ. ದೊರೆಯಿಂದ ದೊರೆಗೆ ದಾಟುವ ಆಸ್ತಿಗೆ 1993ರ ಒಪ್ಪಂದದ ಪ್ರಕಾರ ಆ ಕಿರುಕುಳವಿಲ್ಲ. ಸರ್ಕಾರಿ ನೌಕರರು ನಮ್ಮಲ್ಲಿ ಅರವತ್ತಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಇವರು ಎಪ್ಪತ್ತಮೂರಕ್ಕೆ ಕೆಲಸಕ್ಕೆ ಹಾಜರಾದರು. ಹಾಜರಾದ ಮೂರನೆಯ ದಿನವೇ, ಸಹಿ ಮಾಡುವ ಮೇಜಿನ ಮೇಲೆ ಅಡ್ಡವಿದ್ದ ಪೆನ್ನಿನ ಪೆಟ್ಟಿಗೆಯನ್ನು ತೆಗೆಯಿರೆಂದು ಸೇವಕರಿಗೆ ಕೈಸನ್ನೆ ಮಾಡಿದರು. ಮತ್ತೆ ಮೂರು ದಿನಕ್ಕೆ, ಹಿಲ್ಸ್‌ಬರೊ ಕೋಟೆಮನೆಯಲ್ಲಿ, ಪೆನ್ನು ಸೋರಿ ಬೆರಳಿಗೆ ಶಾಯಿಯಾದಾಗ ಎಲ್ಲರೆದುರೂ ಸಿಡುಕಿದರು. ಹದಿಮೂರನೆಯ ತಾರೀಖನ್ನು ಹನ್ನೆರಡೆಂದು ಬರೆದಿದ್ದರು. ಎಪ್ಪತ್ತು ವರ್ಷ ಕಾದು ಕೂಡಿಟ್ಟ ಸಹನೆಯನ್ನು ಒಂದು ಪೆನ್ನಿನ ಮೇಲೆ ಪೋಲು ಮಾಡದ ಈ ಮಿತವ್ಯಯ ಎಲ್ಲ ಆಳುವವರಿಗೂ ಮಾದರಿ.

ಉತ್ತರಾಧಿಕಾರದ ಪ್ರಶ್ನೆ ಮುಂದೇನಾದೀತೆಂದು ಓದುಗರು ಆತಂಕಪಡಬೇಕಿಲ್ಲ. ಕಾರ್ನ್‌ವಾಲಿನ ಜಹಗೀರು 2022ರ ಸೆಪ್ಟೆಂಬರಿನಲ್ಲೇ ಚಾರ್ಲ್ಸ್ ಅವರ ಹಿರಿಯ ಮಗ ವಿಲಿಯಂ ಅವರ ಪಾಲಿಗೆ ಬಂದಿದೆ. ಅವರು ಹುಟ್ಟಿದ್ದು 1982ರಲ್ಲಿ. ಅವರ ಬೆನ್ನಿಗೆ ನಿಂತಿರುವ ಮಗ ಜಾರ್ಜ್ ಹುಟ್ಟಿದ್ದು 2013ರಲ್ಲಿ. ಇಬ್ಬರೂ ಕೆಲಸ ಶುರು ಮಾಡಿದ್ದಾರೆ, ಕಾಯುತ್ತಿದ್ದಾರೆ.