‘ಮಿಸ್’ ಧಾತು ಮೀಮಾಂಸೆ: ಭೇರ್ಯ ಸೀಮೆಯ ಆಡುಮಾತಿನ ಪ್ರಯೋಗಗಳನ್ನು ಅನುಲಕ್ಷಿಸಿ ಒಂದು ಅಂತರ್‌ಶಿಸ್ತೀಯ ಅಧ್ಯಯನ

ಪ್ರಸ್ತುತ ಸಂಪ್ರಬಂಧವು ‘ಮಿಸ್’ ಎಂಬ ಆಂಗ್ಲಮೂಲ ಧಾತುವು ಕನ್ನಡದ ಕ್ರಿಯಾವಲಯವನ್ನು ಹೊಕ್ಕು, ಅಲ್ಲಿ ಖಾತೆ ಮಾಡಿಸಿಕೊಂಡು, ಪಹಣಿಗೆ ಹೆಸರು ಏರಿಸಿಕೊಂಡು, ಈಗ ಮೂಲ ಒಕ್ಕಲನ್ನೇ ಎಬ್ಬಿಸುತ್ತಿರುವ ಪ್ರಕ್ರಿಯೆಯ ಸಂಕಥನಾತ್ಮಕ ಪರಿಪ್ರೇಕ್ಷ್ಯವನ್ನು ಸಮಸ್ಯೀಕರಿಸುವ ಉದ್ದೇಶವುಳ್ಳದ್ದಾಗಿದೆ. ವಾಕ್ಯ ಅರ್ಥವಾಗದವರು ಗಾಬರಿ ಬೀಳಬೇಕಾಗಿಲ್ಲ. ವಿಚಾರ ಸಂಕಿರಣಗಳಲ್ಲಿ ಊಟಕ್ಕೆ ಮೊದಲಿನ ಗೋಷ್ಠಿಗೆ ಸಿಕ್ಕಿಹಾಕಿಕೊಂಡವರಿಗೆ ಇಂಥವು ರೂಢಿಯಾಗಿರುತ್ತವೆ. ಕೇಳಿದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆಯೇ ಹೊರತು ಅರ್ಥವಾದದ್ದಕ್ಕಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆಂದೇ ಒಂದು ಪ್ರಕರಣ ಮೀಸಲಿಟ್ಟ. ಅದರಲ್ಲಿ ‘ಮಿಸ್’ ಇಲ್ಲ. ಭಟ್ಟಾಕಳಂಕ 1604ರಲ್ಲಿ 592 ಸೂತ್ರ ಬರೆದ. ಅವುಗಳಲ್ಲೂ ಇಲ್ಲ. ಕಿಟೆಲ್ ಸಾಹೇಬರ 1894ರ ನಿಘಂಟಿನಲ್ಲೂ ಇಲ್ಲ. ಹೀಗಾಗಿ ಈ ಕ್ಷೇತ್ರದಲ್ಲಿ ‘ಸಂಶೋಧನಾ ಕಂದರ’ವೊಂದು ಬಾಯಿ ತೆರೆದುಕೊಂಡಿದ್ದು, ಅದನ್ನು ತುಂಬುವ ಹೊಣೆ ನನ್ನ ಹೆಗಲೇರಿದೆ. ಅಂದಹಾಗೆ, ಕನ್ನಡದ ವ್ಯಾಕರಣವನ್ನು ಸಂಸ್ಕೃತದಲ್ಲಿ ಬರೆದ ಭಟ್ಟಾಕಳಂಕನಿಗೆ, ಕನ್ನಡದ ಮಾತನ್ನು ಇಂಗ್ಲಿಷಿನಲ್ಲಿ ಮುಗಿಸುವ ನಮ್ಮನ್ನು ಕಂಡರೆ ಅಷ್ಟೇನೂ ಆಶ್ಚರ್ಯವಾಗುತ್ತಿರಲಿಲ್ಲ.

ಅಧ್ಯಯನದ ವ್ಯಾಪ್ತಿ. ಮೈಸೂರಿನಿಂದ ಹೊರಟು ಕೆ.ಆರ್.ನಗರ ದಾಟಿ ಹೊಳೆನರಸೀಪುರದ ಕಡೆ ಹೋಗುವ ರಸ್ತೆಯಲ್ಲಿ ಸಿಗುವ ಭೇರ್ಯವೇ ಕೇಂದ್ರ. ಇತ್ತ ನಾಲೆ ನೀರಿನ ಭತ್ತದ ಬಯಲು, ಅತ್ತ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆ, ಅದರಾಚೆ ಎಚ್.ಡಿ.ಕೋಟೆಯ ಕಾಡಂಚು. ಮಾಹಿತಿದಾರರನ್ನು ಯಾದೃಚ್ಛಿಕ ಮಾದರಿ ವಿಧಾನದಿಂದ ಆಯ್ದುಕೊಳ್ಳಲಾಯಿತು. ಅಂದರೆ, ಬಸ್ಸು ಬರುವ ತನಕ ಯಾರು ಪಕ್ಕದಲ್ಲಿ ಕೂತಿದ್ದರೋ ಅವರು.

ಪ್ರವರ್ಗ ಒಂದು: ಸಾರಿಗೆ ಮಿಸ್. ‘ಬಸ್ ಮಿಸ್ಸಾಗೋಯ್ತು ಕಣಣ್ಣ.’ ಇಲ್ಲಿ ಕರ್ತೃ ಯಾರು? ಬಸ್ಸು. ಎದ್ದದ್ದು ತಡ, ಕಾಫಿ ಕುಡಿದದ್ದು ನಿಧಾನ, ಬೀಡಿ ಮುಗಿಸಿದ್ದು ಇನ್ನೂ ನಿಧಾನ. ಆದರೂ ಮಿಸ್ ಆದದ್ದು ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಹೋದ ಬಸ್ಸು. ಇದನ್ನು ‘ಕರ್ತೃಸ್ಥಾನಪಲ್ಲಟ’ ಎಂದು ಕರೆಯಬಹುದು, ನಾನು ಕರೆದಾಯಿತು.

ಪ್ರವರ್ಗ ಎರಡು: ದಾನಾರ್ಥಕ ಮಿಸ್. ‘ಒಂದ್ ಮಿಸ್ ಕಾಲ್ ಕೊಡಿ.’ ಕೊಡುವವನು ಕೊಡಬೇಕು, ಪಡೆಯುವವನು ಪಡೆಯಬಾರದು. ಅಕಸ್ಮಾತ್ ಫೋನ್ ಎತ್ತಿಬಿಟ್ಟರೆ ಕೊಟ್ಟವನಿಗೆ ಸಿಟ್ಟು. ಅಭಾವವೂ ಒಂದು ಪದಾರ್ಥವೇ ಎಂದು ವಾದಿಸಿ ಪಂಡಿತರ ಕೈಲಿ ಬೈಸಿಕೊಂಡ ನೈಯಾಯಿಕರಿಗೆ, ಭೇರ್ಯದ ಅಂಗಡಿಬೀದಿಯಲ್ಲಿ ನಡುಮಧ್ಯಾಹ್ನ ಅಭಾವವನ್ನು ಹೀಗೆ ಕೊಟ್ಟು ತೆಗೆದುಕೊಳ್ಳುವುದನ್ನು ತೋರಿಸಬೇಕಿತ್ತು.

ಪ್ರವರ್ಗ ಮೂರು: ಆಯುಷ್ಯವರ್ಧಕ ಮಿಸ್. ಕಬ್ಬಿನ ಲಾರಿ ಮೈಗೆ ಉಜ್ಜಿಕೊಂಡೇ ಹೋದಂತಾಗಿ, ಬೈಕು ಚರಂಡಿಗಿಳಿದ ಮೇಲೆ ಹೇಳುವ ‘ಜಸ್ಟ್ ಮಿಸ್ಸು ಕಣ್ಲಾ’. ಉಪಪ್ರಭೇದ 3.1: ಫೇಲಾದ ಮಗನ ಬಗ್ಗೆ ತಾಯಿ ನೆಂಟರಿಗೆ ಹೇಳುವ ‘ಎಲ್ಡು ಮಾರ್ಕಲ್ಲಿ ಮಿಸ್ಸಾಯ್ತು’. 3.2: ಬೀಗರ ಔತಣಕ್ಕೆ ಕರೆಯುವಾಗಿನ ‘ಮಿಸ್ ಮಾಡ್ದೆ ಬನ್ನಿ’. 3.3: ನಾಮಪದವಾಗಿ ಇಸ್ಕೂಲಿನಲ್ಲಿ ಪಾಠ ಮಾಡುವ ‘ಮಿಸ್ಸು’, ಇವರು ರಜೆ ಹಾಕಿದ ದಿನ ಉಂಟಾಗುವ ಯಮಕಾಲಂಕಾರವನ್ನು ಮಕ್ಕಳು ಆಗಲೇ ಕಂಡುಕೊಂಡಿದ್ದಾರೆ. 3.4: ಬೆಂಗಳೂರಿನ ಪೇಯಿಂಗ್ ಗೆಸ್ಟ್ ಕೋಣೆಯಿಂದ ಹೊರಡುವ ‘ಊರ್ನ ತುಂಬಾ ಮಿಸ್ ಮಾಡ್ಕೋತಿದೀನಿ’. 3.5ರಿಂದ 7.2ರವರೆಗೂ ಪ್ರಭೇದಗಳುಂಟು. ನನಗಂತೂ ಸಾಕಾಯಿತು. ಆಸಕ್ತರು ಪಿಎಚ್‌ಡಿಗೆ ನೋಂದಾಯಿಸಿಕೊಳ್ಳಲಿ.

ಇನ್ನು ಸೈದ್ಧಾಂತಿಕ ಚೌಕಟ್ಟು. ಇಂಗ್ಲಿಷ್ ಧಾತುವಿಗೆ ಕನ್ನಡದ ಪ್ರತ್ಯಯ ನೇರವಾಗಿ ಅಂಟುವುದಿಲ್ಲ. ‘ಮಿಸ್ಸಿದನು’ ಎಂದು ಯಾರೂ ಅನ್ನುವುದಿಲ್ಲ. ಅದು ಮೂರು ಕನ್ನಡ ಧಾತುಗಳ ಹೆಗಲ ಮೇಲೆ ಕೂತು ಓಡಾಡಬೇಕು: ಮಾಡು, ಆಗು, ಕೊಳ್ಳು. ಮಿಸ್ ಮಾಡು, ಮಿಸ್ ಆಗು, ಮಿಸ್ ಮಾಡಿಕೊಳ್ಳು. ಇದಕ್ಕೆ ‘ವಾಹಕಧಾತು ತ್ರಿಕೋನ’ ಎಂದು ಹೆಸರಿಡುತ್ತಿದ್ದೇನೆ. ಈ ತ್ರಿಕೋನದ ಯಾವ ಮೂಲೆಯಲ್ಲಿ ಯಾರನ್ನು ನಿಲ್ಲಿಸುತ್ತಾರೆ ಎಂಬುದನ್ನು ತಿಳಿಯಲು ಗ್ರಂಥಾಲಯಕ್ಕೆ ಹೋಗಬೇಕಿಲ್ಲ, ತಾಲ್ಲೂಕು ಕಚೇರಿಗೆ ಹೋದರೆ ಸಾಕು.

ಯಾವ ಕಚೇರಿ ಎಂದು ಹೇಳುವುದಿಲ್ಲ. ನನ್ನ ಮುಂದೆ ನಿಂತಿದ್ದ ಯಜಮಾನರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಕಿಟಕಿಯ ಕಟ್ಟೆ ಮೇಲೆ ಇಡುತ್ತಿದ್ದರು: ಅಪ್ಪನ ಮರಣ ಪತ್ರ, ವಂಶವೃಕ್ಷ, ಮಡಿಕೆ ಮಡಿಕೆಯಲ್ಲೂ ಹರಿದಿದ್ದ ಕೈಬರಹದ ಪಹಣಿ, ಅದರ ಜೆರಾಕ್ಸು. ಅಪ್ಪನ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು, ಪೌತಿ ಖಾತೆಗೆ ಬಂದವರು.

‘ಫೈಲ್ ಮಿಸ್ ಆಗಿದೆ ಯಜಮಾನ್ರೇ.’

‘ಯಾರ್ ಮಾಡುದ್ರು ಸ್ವಾಮಿ?’

‘ಯಾರೂ ಮಾಡಿಲ್ಲ. ಆಗಿದೆ. ಹೊಸ ಅರ್ಜಿ ಹಾಕಿ.’

ಹೊಸ ಅರ್ಜಿಯ ಜೊತೆಗೆ ಏನೇನು ಬೇಕೆಂದು ಕೇಳಿದಾಗ ಬಂದ ಉತ್ತರ: ‘ಹೋದ ತಿಂಗ್ಳು ನಿಮ್ಮೂರಲ್ಲೇ ಕಂದಾಯ ಅದಾಲತ್ ಇತ್ತಲ್ಲ, ನೀವೇ ಮಿಸ್ ಮಾಡ್ಕೊಂಡ್ರಿ.’

ಇದೇ ನಮ್ಮ ಸಂಪ್ರಬಂಧದ ತಾತ್ತ್ವಿಕ ತಿರುಳು. ಕಚೇರಿಯ ಕೈಯಲ್ಲಿದ್ದದ್ದು ಹೋದರೆ ‘ಆಗು’. ಮಳೆ ಬಂದ ಹಾಗೆ, ಹೊತ್ತು ಮುಳುಗಿದ ಹಾಗೆ. ರೈತನ ಕೈ ತಪ್ಪಿದ್ದಾದರೆ ‘ಮಾಡಿಕೊಳ್ಳು’. ತನಗೆ ತಾನೇ ಮಾಡಿಕೊಂಡದ್ದು, ಅನುಭವಿಸಲಿ. ‘ನಾವು ಮಿಸ್ ಮಾಡಿದೆವು’ ಎಂಬ ಉತ್ತಮಪುರುಷ ರೂಪ ವ್ಯಾಕರಣದ ಪ್ರಕಾರ ಸಾಧು. ಕಿಟಕಿಯ ಆ ಕಡೆಯಿಂದ ಅದನ್ನು ಕೇಳಿದವರು ನನಗಿನ್ನೂ ಸಿಕ್ಕಿಲ್ಲ.

‘ಭೂಮಿ’ ಯೋಜನೆ ಬಂದ ಹೊಸದರಲ್ಲಿ, 2000ದ ಆಸುಪಾಸು, ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. ದೊಡ್ಡ ಕೆಲಸವೇ, ಇಲ್ಲವೆನ್ನಲಾರೆ. ಶಾನುಭೋಗರ ಕಾಲದ ದರ್ಬಾರು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಕಾಲಂ 3ರಲ್ಲಿರುವ ವಿಸ್ತೀರ್ಣಕ್ಕೂ ಕಾಲಂ 9ರಲ್ಲಿ ಸ್ವಾಧೀನದಾರನ ಹೆಸರಿನ ಮುಂದಿರುವ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿ ಹಿಡಿದು ಅಲೆಯುವವರು ಇವತ್ತಿಗೂ ಇದ್ದಾರೆ. ಅವರಿಗೆ ಸಿಗುವ ವಿವರಣೆಯನ್ನು ವ್ಯಾಕರಣದ ವಿದ್ಯಾರ್ಥಿಗಳು ಕಂಠಪಾಠ ಮಾಡಬೇಕು: ‘ಟೈಪ್ ಮಾಡುವಾಗ ಮಿಸ್ ಆಗಿದೆ.’ ಒಂದೇ ವಾಕ್ಯದೊಳಗೆ ಮಾಡು, ಆಗು ಎರಡೂ. ಟೈಪ್ ಮಾಡಿದವರುಂಟು, ಮಿಸ್ ಮಾಡಿದವರಿಲ್ಲ. ಹತ್ತು ಗುಂಟೆ ಎಲ್ಲಿಗೋ ಹೋಗಿದೆ.

ನನ್ನ ಸಿಟ್ಟು ಬರೀ ಕಚೇರಿಯ ಮೇಲಲ್ಲ. ಈ ವ್ಯಾಕರಣವನ್ನು ನಮ್ಮ ಜನ ಒಪ್ಪಿಕೊಂಡುಬಿಟ್ಟಿರುವುದರ ಮೇಲೂ. ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ. ಯಾವ ತಂಬಾಕು ಹರಾಜು ಮಾರುಕಟ್ಟೆಗೆ ಬೇಕಾದರೂ ಹೋಗಿ ನಿಲ್ಲಿ. ‘ನೆನ್ನೆ ಬೇಲ್ ತಂದಿದ್ರೆ ರೇಟ್ ಇತ್ತು. ಮಿಸ್ ಮಾಡ್ಕಬುಟ್ಟೆ ಕಣಪ್ಪ.’ ಎಷ್ಟು ಬೆಳೆಯಬೇಕೆಂದು ಗೊತ್ತು ಮಾಡುವುದು ತಂಬಾಕು ಮಂಡಳಿ, ಎಷ್ಟಕ್ಕೆ ಕೊಳ್ಳಬೇಕೆಂದು ಗೊತ್ತು ಮಾಡುವುದು ಕಂಪನಿ, ಎಲೆ ಯಾವಾಗ ಹಣ್ಣಾಗಬೇಕೆಂದು ಗೊತ್ತು ಮಾಡುವುದು ಮಳೆ. ರಾತ್ರಿಯೆಲ್ಲ ಎಲೆ ಹದ ಮಾಡುವ ಬ್ಯಾರನ್ನಿಗೆ ಸೌದೆ ಒಟ್ಟಿ ಕಣ್ಣು ಕೆಂಪಗೆ ಮಾಡಿಕೊಂಡವನ ಕೈಯಲ್ಲಿ ಏನೇನೂ ಇಲ್ಲ. ‘ಮಾಡ್ಕಬುಟ್ಟೆ’ ಎನ್ನುವವನು ಮಾತ್ರ ಅವನೇ. ಅದೇ ಬೇಲನ್ನು ಮುಟ್ಟಿ, ಮೂಸಿ, ಬೆಲೆ ಕಟ್ಟದೆ ಮುಂದೆ ಹೋದ ಖರೀದಿದಾರರು ಕಣ್ಣೆದುರೇ ನಿಂತಿರುತ್ತಾರೆ. ಅದಕ್ಕೆ ಏನನ್ನುತ್ತಾನೆ? ‘ನೋ ಬಿಡ್ ಆಯ್ತು.’

ಮತ್ತೆ ಕಚೇರಿಯ ಕಿಟಕಿಗೆ ಬರೋಣ. ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಅದರ 8ನೇ ಸೆಕ್ಷನ್ನಿನಲ್ಲಿ ಯಾವ ಯಾವ ಮಾಹಿತಿ ಕೊಡದಿರಬಹುದೆಂಬ ಪಟ್ಟಿ ಇದೆ: ದೇಶದ ಭದ್ರತೆ, ವ್ಯಾಪಾರದ ಗುಟ್ಟು, ಸಂಪುಟದ ಕಾಗದಪತ್ರ, ಇತ್ಯಾದಿ. ಎಷ್ಟು ಸಲ ಓದಿದರೂ ಅದರಲ್ಲಿ ‘ಮಿಸ್ ಆಗಿದೆ’ ಎಂಬ ವಿನಾಯಿತಿ ಕಾಣುವುದಿಲ್ಲ. ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ: ದಾಖಲೆ ಸಿಗುತ್ತಿಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ, ಹುಡುಕಿಸಬೇಕು, ವಿಚಾರಣೆ ನಡೆಸಿ ಹೊಣೆ ಯಾರದೆಂದು ಗೊತ್ತು ಮಾಡಬೇಕು. ಕರ್ತೃಪದ ಹುಡುಕಿ ಎಂದು ಒಂದು ನ್ಯಾಯಾಲಯ ವ್ಯಾಕರಣಪಾಠ ಹೇಳಿದ್ದು ಇದೇ ಮೊದಲಿರಬೇಕು. ನಮ್ಮ ಕಡೆ ಇನ್ನೂ ‘ಕಡತ ಲಭ್ಯವಿರುವುದಿಲ್ಲ’ ಎಂದು ಹಿಂಬರಹ ಕೊಡುತ್ತಾರೆ, ದುಂಡಗಿನ ಮೊಹರು ಒತ್ತಿ.

ಇನ್ನೊಂದು ಪ್ರಯೋಗ ಉಳಿದಿದೆ. ಅದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ಆದಿವಾಸಿ ಹಾಡಿಗಳಲ್ಲಿ ಅದು ‘ಲಿಸ್ಟಲ್ಲಿ ಹೆಸ್ರು ಮಿಸ್ಸಾಗದೆ’ ಎಂಬ ರೂಪದಲ್ಲಿ ಸಿಗುತ್ತದೆ. ಹೇಳುವವರು ನಾಗರಹೊಳೆ ಕಾಡಿನಿಂದ ಹೊರಬಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು. ಕರ್ನಾಟಕ ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ, ಪುನರ್ವಸತಿ ಸಿಗಬೇಕಾದವರೆಂದು ಗುರುತಿಸಿದ ಕುಟುಂಬಗಳು 3,418. ಒಂದೆರಡು ಹೆಸರು ಮಿಸ್ ಆಗುವುದುಂಟು. ಮೂರು ಸಾವಿರದ ನಾನೂರ ಹದಿನೆಂಟು ಸಂಸಾರ ಮಿಸ್ ಆಗುವುದುಂಟೇ? ಎಬ್ಬಿಸುವಾಗ ಗುಡಿಸಲು ಮಿಸ್ ಆಗಲಿಲ್ಲ, ಕೊಡುವಾಗ ಹೆಸರು ಹೇಗೆ ಮಿಸ್ ಆಯಿತು?

ದಾಖಲೆ ಇಲ್ಲ ಅನ್ನುತ್ತಾರೆ. ಕಾಡೊಳಗೆ ಹುಟ್ಟಿದವರಿಗೆ ಯಾವ ಶಾನುಭೋಗ ದಾಖಲೆ ಬರೆದ? ಅದಕ್ಕೇ ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳಲ್ಲಿ, ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆಯೇ ಎಂದು ಒಪ್ಪಿದ್ದಾರೆ. ಯಾವ ಮರದ ಬುಡದಲ್ಲಿ ದೇವರಿತ್ತು, ಯಾರನ್ನು ಎಲ್ಲಿ ಹೂತರು, ಯಾವ ಹಳ್ಳದಿಂದ ನೀರು ತರುತ್ತಿದ್ದರು ಎಂದು ಹೇಳಬಲ್ಲ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಅವರ ಮಾತು ಬರೆದುಕೊಳ್ಳುವುದು ಬೇಗ ಆಗಬೇಕಾದ ಕೆಲಸ. ಆಗಬೇಕಾದ್ದಲ್ಲ, ಮಾಡಬೇಕಾದ್ದು. ಮಾಡಬೇಕಾದವರು ಯಾರೆಂದೂ ಅದೇ ನಿಯಮಗಳಲ್ಲಿದೆ: ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿ, ಅದರ ಮೇಲೆ ಉಪವಿಭಾಗ ಮಟ್ಟದ ಸಮಿತಿ, ಅದರ ಮೇಲೆ ಜಿಲ್ಲಾ ಮಟ್ಟದ ಸಮಿತಿ. ಕೊನೆಯದರ ಅಧ್ಯಕ್ಷರು ಜಿಲ್ಲಾಧಿಕಾರಿಗಳು.