ಅಂಕವೀರ

ಅಮೆರಿಕದ ಸೈನ್ಯದಿಂದ ನಿವೃತ್ತರಾದ ಭಾಷಾತಜ್ಞರಲ್ಲಿ ಅಂಕವೀರನೆನ್ನಬಹುದಾದ ಒಂದು ಜಾತಿಯಿದ್ದು, ಅದಕ್ಕೆ ಸೇರಿದವನು ಕಲಿತ ಭಾಷೆಯನ್ನು ಮರೆತರೂ, ಅದನ್ನು ಕಲಿಯಲು ತಾನು ಯೋಗ್ಯನೆಂದು ಸಾರಿದ ಅಂಕವನ್ನು ಮರೆಯುವುದಿಲ್ಲ. ಸಿಪಾಯಿಗಳಾಗಿ ಸೇನೆ ಸೇರುವವರೆಲ್ಲ ಬರೆಯುವ, ಗಣಿತ, ಪದಜ್ಞಾನ ಮೊದಲಾದುವನ್ನು ಅಳೆಯುವ ಆಸ್ವ್ಯಾಬ್ ಪರೀಕ್ಷೆ ಅವನಿಗೆ ಲೆಕ್ಕಕ್ಕಿಲ್ಲ. ಅವನ ಗರ್ವವೆಲ್ಲ ಭಾಷೆ ಕಲಿಯುವ ಸಾಮರ್ಥ್ಯವನ್ನು ಅಳೆಯುವ ಡಿಲ್ಯಾಬ್‌ನಲ್ಲಿದೆ. ಯಾರೂ ಆಡದ, ಪರೀಕ್ಷೆಗೆಂದೇ ಹೆಣೆದ ಭಾಷೆಯ ನಿಯಮಗಳನ್ನು ಕೇಳಿಸಿ, ಅಲ್ಲಿಯೇ ಅವನ್ನು ಬಳಸಲು ಹೇಳುವ ಈ ಪರೀಕ್ಷೆಗೆ ಓದಿಕೊಂಡು ಹೋಗುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ. ಸ್ಪ್ಯಾನಿಷಿನಂಥ ಭಾಷೆಗೆ ಸಾಮಾನ್ಯವಾಗಿ 95, ಅರಬ್ಬಿ, ಚೀನಿ, ಕೊರಿಯನ್‌ಗಳಿಗೆ 110 ಅಂಕ ಸಾಕಾಗುವಲ್ಲಿ ಅಂಕವೀರನಿಗೆ 132 ಬಂದಿರುತ್ತದೆ. ಇದನ್ನು ತಿಳಿಯಲು ಅವನನ್ನು ಕೇಳಬೇಕಿಲ್ಲ, ಅವನೊಡನೆ ಲಿಫ್ಟಿನಲ್ಲಿ ಎರಡು ಮಹಡಿ ಏರಿದರೆ ಸಾಕು.

ಕ್ಯಾಲಿಫೋರ್ನಿಯದಲ್ಲಿ ಮಗಳ ಮನೆಗೆ ಹೋಗಿದ್ದ, ಹೆಸರು ಹೇಳಲಿಚ್ಛಿಸದ ಕನ್ನಡ ಲೇಖಕನೊಬ್ಬನಿಗೆ ಇಂಥವನೇ ನೆರೆಯವನಾಗಿ ಗಂಟುಬಿದ್ದ. ಮಾಂಟೆರೆಯಲ್ಲಿರುವ ಸೇನೆಯ ಭಾಷಾಶಾಲೆಯಲ್ಲಿ 64 ವಾರ ಕೊರಿಯನ್ ಕಲಿತ ಈತ, ಲೇಖಕನನ್ನು ಕೊರಿಯನ್ ಹೋಟೆಲಿಗೆ ಕರೆದೊಯ್ದು, ಮೀಸೆ ತೀಡಿಕೊಂಡು ಒಂದು ವಾಕ್ಯ ಉದುರಿಸಿದಾಗ, ಬಡಿಸುವಾಕೆ ಸಂತೋಷದಿಂದ ಐದಾರು ವಾಕ್ಯಗಳ ಪ್ರಶ್ನೆಯನ್ನೇ ಕೇಳಿಬಿಟ್ಟಳು. ಅಂಕವೀರ ಸುಮ್ಮನೆ ಕುಳಿತು, ಕೊನೆಗೆ ಮೆನುವಿನ ಚಿತ್ರವೊಂದನ್ನು ಬೆರಳಿನಿಂದ ತೋರಿಸಿದ. ಹೊರಬಂದ ಮೇಲೆ ಅವನು ನೀಡಿದ ವಿವರಣೆಯ ಸಾರವೇನೆಂದರೆ, ಸೇನೆಯ ಪರೀಕ್ಷೆಯಲ್ಲಿ ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳಿರುತ್ತವೆ, ಈ ಹೆಂಗಸು ಒಂದನ್ನೂ ಕೊಡಲಿಲ್ಲ.

ಅವನ ಉಳಿದ ಲಕ್ಷಣಗಳು ಸಾಮಾನ್ಯವಾದವು: ಹೊಳೆಯುವ ಬೂಟು, ಬೆಳಗಿನ ಐದರ ನಡಿಗೆ, ಪರರ ಉಚ್ಚಾರದ ತಿದ್ದುಪಡಿ. ಆದರೆ ಒಂದು ಸಂಜೆ ಲೇಖಕನ ಮಗಳ ಮನೆಯಲ್ಲಿ ಅಜ್ಜಿ ಮೊಮ್ಮಗಳಿಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದುದನ್ನು ಜಗಲಿಯಲ್ಲಿ ಕೇಳಿಸಿಕೊಂಡ ಆತ, ಒಂದು ಪದವೂ ತಿಳಿಯದೆ, ಈ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲವೇ, ಕೊರಿಯನ್ನಿನಂತೆ, ಎಂದು ಮೆಲ್ಲಗೆ ಕೇಳಿದ. ಆ 132 ಸುಳ್ಳಲ್ಲವೆಂದು ಲೇಖಕ ಆಗ ಒಪ್ಪಬೇಕಾಯಿತು: ಕಿವಿ ಇನ್ನೂ ಚುರುಕಾಗಿತ್ತು, ಅದರೊಡನೆ ಮಾತಾಡುವವರು ಮಾತ್ರ ಯಾರೂ ಉಳಿದಿರಲಿಲ್ಲ. ಮನುಷ್ಯರು ದೂರವಾದಾಗ ಅಂಕವೇ ಜೊತೆಗಾರನಾಗುವುದು ಸಹಜವೆಂದು ತತ್ತ್ವ ಹೇಳಹೊರಟ ಲೇಖಕ, ಮರುದಿನ ಲಿಫ್ಟಿನಲ್ಲಿ, ಎಸ್ಸೆಸ್ಸೆಲ್ಸಿಯ ಕನ್ನಡದಲ್ಲಿ ತನಗೆ 125ಕ್ಕೆ 119 ಬಂದಿತ್ತೆಂದು ಅವನಿಗೆ ಇಂಗ್ಲಿಷಿನಲ್ಲಿ ತಿಳಿಸಿದ.