ಸತ್ಯನಾರಾಯಣನ ಬಾಕಿ

ಕುಂಭಕರ್ಣ ಆರು ತಿಂಗಳು ಮಲಗುತ್ತಿದ್ದ ಎಂದರೆ ನನಗೆ ಅನುಮಾನಕ್ಕಿಂತ ಅಸೂಯೆಯೇ ಹೆಚ್ಚು. ಆದರೆ ಮಗಧದ ಶ್ರೇಣಿಕ ಮಹಾರಾಜನಿಗೆ ಅನುಮಾನವೇ ಬಂತು. ಕೊಡಗಟ್ಟಲೆ ಎಣ್ಣೆಯನ್ನು ಕಿವಿಗೆ ಹೊಯ್ದರೂ ಏಳದವನುಂಟೇ? ಕೋತಿಗಳು ರಾಕ್ಷಸರನ್ನು ಗೆಲ್ಲುವುದುಂಟೇ? ವಿಮಲಸೂರಿಯ ಪ್ರಾಕೃತ ಜೈನ ರಾಮಾಯಣ ‘ಪಉಮಚರಿಯ’ದಲ್ಲಿ ಅವನು ಮಹಾವೀರರ ಶಿಷ್ಯ ಗೌತಮ ಗಣಧರರ ಬಳಿ ಹೋಗಿ ಇದನ್ನೇ ಕೇಳುತ್ತಾನೆ. ಅವರು ಅದೆಲ್ಲ ಸುಳ್ಳೆಂದು ಹೇಳಿ, ನಿಜವಾದ ರಾಮಕಥೆಯನ್ನು ಶುರುಮಾಡುತ್ತಾರೆ.

ಕನ್ನಡದಲ್ಲಿ ನಾಗಚಂದ್ರ ಹಿಡಿದದ್ದೂ ಇದೇ ದಾರಿ. ಈ ಪರಂಪರೆಯಲ್ಲಿ ವಾನರರಿಗೆ ಬಾಲವಿಲ್ಲ, ಬಾವುಟದಲ್ಲಿ ಕೋತಿಯ ಚಿತ್ರವಿದೆ, ಅವರು ವಿದ್ಯಾಧರರು. ರಾವಣನಿಗೆ ಇದ್ದದ್ದು ಒಂದೇ ತಲೆ, ಉಳಿದ ಒಂಬತ್ತು ಹಾರದ ರತ್ನಗಳಲ್ಲಿ ಮೂಡಿದ ಬಿಂಬಗಳು. ಅವನನ್ನು ಕೊಂದವನು ಲಕ್ಷ್ಮಣ. ಸದ್ಯ, ಎಲ್ಲ ನಂಬುವ ಹಾಗಾಯಿತು ಎಂದು ಉಸಿರು ಬಿಡುವಷ್ಟರಲ್ಲಿ ಈ ವಿದ್ಯಾಧರರು ವಿಮಾನವೇರಿ ಹಾರಾಡತೊಡಗುತ್ತಾರೆ! ಸತ್ಯಕ್ಕೆ ಹಲವು ಮುಖವೆಂದು ಅನೇಕಾಂತವಾದ ಕಟ್ಟಿದವರು ಕೂಡ ರಾಮಾಯಣದ ಮಾತು ಬಂದಾಗ, ದಾವಣಗೆರೆ ಬೆಣ್ಣೆದೋಸೆಯ ಬೋರ್ಡುಗಳ ಹಾಗೆ, ‘ನಮ್ಮದೇ ಅಸಲಿ’ ಎಂದುಬಿಟ್ಟರು.

ಮೀಮಾಂಸಕರು ಇನ್ನೂ ಜಾಣರು. ವೇದವನ್ನು ಯಾರೂ ಬರೆದಿಲ್ಲ, ಹಾಗಾಗಿ ಬರೆದವರ ತಪ್ಪು ಅದರಲ್ಲಿ ನುಸುಳುವಂತಿಲ್ಲ ಎಂದು ಪಟ್ಟು ಹಿಡಿದರು. ಯಜ್ಞದ ಕಂಬವೇ ಸೂರ್ಯ ಎಂಬಂಥ ಮಾತು ಎದುರಾದಾಗ ಮಾತ್ರ, ಅದು ಅರ್ಥವಾದ, ಬರೀ ಹೊಗಳಿಕೆ, ನೀನು ವಿಧಿಯನ್ನು ನೋಡು ಎಂದು ಸಾಗಹಾಕಿದರು. ಶಂಕರರಂತೂ ಗೀತಾಭಾಷ್ಯದಲ್ಲಿ, ನೂರು ಶ್ರುತಿಗಳು ಸೇರಿ ಬೆಂಕಿ ತಣ್ಣಗಿದೆ ಎಂದರೂ ಅದು ಪ್ರಮಾಣವಾಗದು ಎಂದಿದ್ದಾರೆ. ಕೈ ಸುಟ್ಟುಕೊಂಡವರ ಪರವಾಗಿ ಇಷ್ಟು ದೊಡ್ಡವರು ಸಾಕ್ಷಿ ನುಡಿದದ್ದು ಸಣ್ಣ ಮಾತಲ್ಲ.

ಇಷ್ಟೆಲ್ಲ ಪಂಡಿತರ ಗೊಡವೆಯಿಲ್ಲದೆ, ಹೆಸರಿನಲ್ಲೇ ಸತ್ಯವನ್ನಿಟ್ಟುಕೊಂಡ ದೇವರೊಬ್ಬ ಗೃಹಪ್ರವೇಶಗಳಲ್ಲಿ ಸುಖವಾಗಿದ್ದಾನೆ. ಕಥೆಗೆ ಐದು ಅಧ್ಯಾಯ. ಕೇಳುವವರ ಕಿವಿ ಪುರೋಹಿತರ ಕಡೆ, ಮೂಗು ಸಜ್ಜಿಗೆಯ ಕಡೆ. ನಮ್ಮ ಭಾವನ ಹೊಸ ಮನೆಯಲ್ಲಿ ಒಬ್ಬ ಪೋರಿ ಎದ್ದುನಿಂತು ಕೇಳಿದಳು: “ಭಟ್ರೇ, ಕಥೇಲಿರೋರೆಲ್ಲ ವ್ರತ ಮಾಡಿ ಕಥೆ ಕೇಳಿದ್ರಲ್ಲ, ಅವರು ಕೇಳಿದ್ದು ಯಾವ ಕಥೆ?” ಭಟ್ಟರು ಪುಸ್ತಕ ಮುಚ್ಚದೆಯೇ, “ಮೊದಲು ಪ್ರಸಾದ ತಗೋ ಪುಟ್ಟಿ. ಬಿಟ್ಟು ಓಡಿದ ಕಲಾವತಿಗೆ ಏನಾಯ್ತು ಗೊತ್ತಲ್ಲ” ಎಂದರು.

ಕಲಾವತಿಯ ಅಪ್ಪ, ಸಾಧು ಎಂಬ ವರ್ತಕ, ಮಗುವಾದರೆ ವ್ರತ ಮಾಡುತ್ತೇನೆ ಎಂದಿದ್ದ. ಮಗಳು ಹುಟ್ಟಿದಾಗ, ಇವಳ ಮದುವೆಯಲ್ಲಿ ಮಾಡೋಣ ಎಂದ. ಮದುವೆಯಲ್ಲಿ ಮರೆತ. ಸೆರೆಮನೆ ಕಂಡು ಬಂದ ಮೇಲಾದರೂ ಬುದ್ಧಿ ಬಂತೇ? ದೋಣಿಯಲ್ಲೇನಿದೆ ಎಂದ ಸನ್ಯಾಸಿಗೆ, ಬಳ್ಳಿ ಎಲೆ ಎಂದು ಸುಳ್ಳು ಹೇಳಿದ. ಸನ್ಯಾಸಿಯ ವೇಷದಲ್ಲಿದ್ದ ಸತ್ಯನಾರಾಯಣ ಆ ಸುಳ್ಳನ್ನೇ ನಿಜ ಮಾಡಿಬಿಟ್ಟ!

ಕಥೆ ನಿಜವೇ ಎಂದು ಶ್ರೇಣಿಕ ಕೇಳಿದ. ಈ ಕಥೆಯೋ ಕೇಳುಗನನ್ನೇ ತಿರುಗಿ ಕೇಳುತ್ತದೆ: ನೀನು ನಿಜವೇ? ಕೊಟ್ಟ ಮಾತು ಏನಾಯಿತು? ಆರು ತಿಂಗಳ ನಿದ್ದೆಗೆ ಹೇಗೋ ಸಮಾಧಾನ ಹೇಳಬಹುದು, ಇದಕ್ಕೆ ಹೇಳುವುದು ಕಷ್ಟ.

ಊಟದ ಹೊತ್ತಿಗೆ ಬಣ್ಣ ಹೊಡೆದ ಮೇಸ್ತ್ರಿ ಮೆಲ್ಲಗೆ ಬಾಕಿ ಹಣದ ಮಾತು ತೆಗೆದ. ಭಾವ, “ದೀಪಾವಳಿ ಕಳೀಲಪ್ಪ” ಎಂದರು.

“ಆಗ್ಲಿ ಸಾರ್,” ಎಂದ ಮೇಸ್ತ್ರಿ, “ಆ ಸಾಧುನೂ ಮಗಳ ಮದುವೆ ಆಗ್ಲಿ ಅಂದಿದ್ದ.”